ವಾಪಸ್ ಬಂದ ದುಪಟ್ಟಾಗಳು

"ಕಳ್ಳಿ ಅಂತ ಒಂದ್ಸಲ ಹೆಸರು ಬಿದ್ರೆ ಹೋಗುತ್ತಾ ಸಾರ್? ಸಂಜೆಯೊಳಗೆ ನನ್ನ ತಂಗೀನ ಮನೆಯಿಂದ ಆಚೆ ಹಾಕ್ತಾರಂತೆ!"

ಸುಮೈರಾ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದವಳೇ ಹೇಳಿದ ಮೊದಲ ಮಾತು ಇದು. ಆರ್.ಟಿ. ನಗರದ ಒಂದು ಬೇಕರಿಯ ಮೇಲೆ ನಮ್ಮ ಕಚೇರಿ. ಮಹೇಂದ್ರ ಪತ್ತೇದಾರ. ನಾನು ವನಿತಾ, ಅವನ ಜೊತೆಗಾರ್ತಿ. ವಯಸ್ಸಿನಲ್ಲಿ ದೊಡ್ಡವಳು, ಹಾಗಾಗಿ ಅವನನ್ನು ಬಯ್ಯುವ ಹಕ್ಕೂ ನನ್ನದೇ.

ವಿಷಯ ಇಷ್ಟು. ಸುಮೈರಾ ಕಸೂತಿ ದುಪಟ್ಟಾಗಳನ್ನು ಆನ್‌ಲೈನ್ ಸೈಟೊಂದರಲ್ಲಿ ಮಾರುತ್ತಾಳೆ. ತಂದೆತಾಯಿ ಇಲ್ಲದ ತಂಗಿ ಅಮ್ರೀನ್ ಅವಳ ಜೊತೆಗೇ ಇದ್ದಾಳೆ. ಪ್ಯಾಕಿಂಗ್ ಅವಳದು, ಬ್ಯಾಂಕ್ ಕಾರ್ಡೂ ಅವಳ ಕೈಯಲ್ಲಿ. ವಿದ್ಯಾರಣ್ಯಪುರದ ಗೆಳತಿ ರಕ್ಷಾ ಅದೇ ಸೈಟಿನಲ್ಲಿ ಅದೇ ಬೆಲೆಗೆ ದುಪಟ್ಟಾ ಮಾರುತ್ತಾಳೆ. ಅದೇ ಶುಲ್ಕ, ಅದೇ ತೆರಿಗೆ. ಆದರೂ ಒಂದೊಂದು ದುಪಟ್ಟಾಕ್ಕೂ ರಕ್ಷಾಳಿಗೆ ಮೂವತ್ತಾರು ರೂಪಾಯಿ ಹೆಚ್ಚು ಉಳಿಯುತ್ತದೆ! ನುಂಗುತ್ತಿರುವವರು ಯಾರು? ಅಮ್ರೀನ್ ಕಡೆ ಮೊದಲು ಬೆರಳು ತೋರಿಸಿದ್ದು ಸುಮೈರಾಳ ಗಂಡನ ಅಣ್ಣ ಜಮೀರ್. ಅತ್ತೆ ಜೈಬುನ್ನೀಸಾ ಬೆಳಿಗ್ಗೆ ಮೆಟ್ಟಿಲ ಮೇಲೆ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗಲೇ ಕಾರ್ಡು ಕಿತ್ತುಕೊಂಡಿದ್ದರು.

ನಾವು ಹೋದಾಗ ಅಮ್ರೀನಳ ಬಟ್ಟೆ ಬ್ಯಾಗು ಬಾಗಿಲಲ್ಲೇ ಇತ್ತು.

ಹಜಾರದಲ್ಲಿ ಎರಡು ರಾಶಿ. ಒಂದು, ಗಿರಾಕಿಗಳಿಗೆ ಹೊರಟ ಹೊಸ ಪಾರ್ಸಲ್‌ಗಳು. ಇನ್ನೊಂದು, ಅವರು ಬೇಡವೆಂದು ವಾಪಸ್ ಕಳಿಸಿದವು. ನಾನು ವಾಪಸ್ ರಾಶಿಗೆ ಒರಗಿ ಕೂತೆ. ಎದ್ದಾಗ ಕಪ್ಪು ಕುರ್ತಾ ತುಂಬ ಈರುಳ್ಳಿ ಸಿಪ್ಪೆ! ಅಡುಗೆಮನೆಯಲ್ಲಿ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದ ವಾಸನೆ ಬರುತ್ತಿತ್ತು. ಮನಸ್ಸಿನಲ್ಲೇ ಬಯ್ದುಕೊಂಡು ಕೊಡವಿದೆ. ಮಹೇಂದ್ರ ಒಂದು ಸಿಪ್ಪೆ ಎತ್ತಿಕೊಂಡ.

"ಕಾರ್ಡಿಂದ ತೆಗೆದ ದುಡ್ಡು ಯಾರಿಗೆ ಕೊಡ್ತಿದ್ದೆಮ್ಮಾ?" ಎಂದು ಅಮ್ರೀನಳನ್ನು ಕೇಳಿದ.

"ಎಲ್ಲಾ ಆಪಾ ಕೈಗೇ, ಅಕ್ಕನಿಗೇ ಸಾರ್. ಟ್ಯಾಕ್ಸ್ ಮಾತ್ರ ಜಮೀರ್ ಭಾಯ್‌ಗೆ. ದುಪಟ್ಟಾಕ್ಕೆ ಐವತ್ತು."

ಜಮೀರ್ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ನಾನು ಯಶವಂತಪುರ ಮಾರ್ಕೆಟ್ ಹಿಂದೆ ಬಟ್ಟೆ ಅಂಗಡಿ ನಡೆಸೋನು. ಈ ಆನ್‌ಲೈನು ಗೀನ್‌ಲೈನು ನಂಗೊತ್ತಿಲ್ಲ. ಹೊಸ ಜಿಎಸ್‌ಟಿ ನಂಬರ್ ಮಾಡಿಸ್ಕೊಟ್ಟೆ, ತಿಂಗಳು ತಿಂಗಳು ಟ್ಯಾಕ್ಸ್ ಕಟ್ತೀನಿ. ಅಷ್ಟೇ ಕಣ್ರೀ."

"ನಂಬರ್ ಯಾರ ಹೆಸರಲ್ಲಿ?"

ಜೈಬುನ್ನೀಸಾ ಎದೆ ಸೆಟೆಸಿದರು. "ನನ್ನ ಹೆಸರಲ್ಲೇ! ಅಂಗಡಿ, ಸ್ಕೂಟರ್, ಗ್ಯಾಸು, ಬ್ಯಾಂಕು—ಈ ಮನೇಲಿ ಎಲ್ಲಾ ನನ್ನ ಹೆಸರಲ್ಲೇ."

"ವಿಳಾಸ?"

"ಈ ಮನೇದೇ," ಎಂದ ಜಮೀರ್.

ಮಹೇಂದ್ರ ಕೆಳಗೆ ಹೋದ. ಪಾರ್ಸಲ್ ಸಾಗಿಸುವ ಆಟೋದ ಮುನ್ನಾ ಅಲ್ಲಿದ್ದ. ಇವನೇ ಕಳ್ಳ, ಸಂಶಯವೇ ಇಲ್ಲ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ! ಮಹೇಂದ್ರ ಅವನನ್ನು ಜೊತೆಗೇ ಕರೆತಂದ.

"ಸುಮೈರಾ ಅವ್ರೇ, ಕೇಳಿ. ಸಾವಿರದ ದುಪಟ್ಟಾ, ಮೇಲೆ ಐವತ್ತು ತೆರಿಗೆ. ಸೈಟಿನವ್ರು ನಿಮ್ಮಿಂದ ಇನ್ನೂರು ಶುಲ್ಕ ಹಿಡೀತಾರೆ. ಆ ಶುಲ್ಕಕ್ಕೂ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ—ಮೂವತ್ತಾರು. ನಂಬರ್ ಇಲ್ಲದ ಸಣ್ಣ ವ್ಯಾಪಾರಿಗೆ ಅದು ಹೋದ ದುಡ್ಡೇ. ನಂಬರ್ ಇದ್ದವ್ರಿಗೆ ಹಾಗಲ್ಲ. ಐವತ್ತರಲ್ಲಿ ಮೂವತ್ತಾರು ಕಳೆದು ಹದಿನಾಲ್ಕು ಕಟ್ಟಿದ್ರೆ ಸಾಕು. ರಕ್ಷಾ ಹಾಗೇ ಕಟ್ತಾರೆ. ನೀವು?"

"ಪೂರ್ತಿ ಐವತ್ತು..." ಸುಮೈರಾಳ ಮುಖ ಬಿಳುಪೇರಿತು.

"ಕಳೀಬೇಕು ಅಂತ ನಂಗೇನ್ ಗೊತ್ತು?" ಜಮೀರ್ ಎದ್ದ. "ಐವತ್ತೂ ಸರ್ಕಾರಕ್ಕೇ ಕಟ್ಟಿದೀನಿ!"

"ಹಾಗಾದ್ರೆ ಇದೇನು?" ಮಹೇಂದ್ರ ಈರುಳ್ಳಿ ಸಿಪ್ಪೆ ಮುಂದೆ ಹಿಡಿದ.

"ಅಯ್ಯೋ, ಅಡುಗೆಮನೇದು ಕಣೋ ಅದು!" ಎಂದೆ ನಾನು.

"ಅಡುಗೆಮನೇದಾದ್ರೆ ಹೊಸ ಪಾರ್ಸಲ್‌ಗೂ ಅಂಟ್ಬೇಕಿತ್ತಲ್ಲ ವನಿತಕ್ಕ? ಅವು ಕ್ಲೀನಾಗಿವೆ. ವಾಪಸ್ ಬಂದವುಗಳ ಟೇಪಿಗೆ ಮಾತ್ರ ಸಿಪ್ಪೆ. ಈ ಸೈಟಿನವ್ರು ಬೇಡ ಅಂದ ಮಾಲನ್ನ ಜಿಎಸ್‌ಟಿ ವಿಳಾಸಕ್ಕೇ ಕಳಿಸ್ತಾರೆ. ಈರುಳ್ಳಿ ಮಂಡಿ ಎಲ್ಲಿದೆ? ಮುನ್ನಾ, ಹೇಳು."

"ಯಶವಂತಪುರದಲ್ಲಿ ಸಾರ್. ಭಾಯ್ ಅಂಗಡಿ ಮುಂದೇನೇ." ಮುನ್ನಾ ತಲೆ ತಗ್ಗಿಸಿದ. "ವಾಪಸ್ ಮಾಲೆಲ್ಲ ಅಲ್ಲಿಂದಾನೇ ತರೋದು. ಯಾರ್ಗೂ ಹೇಳ್ಬೇಡ ಅಂದಿದ್ರು."

"ಹೊಸ ನಂಬರ್ ಮಾಡಿಸ್ಲೇ ಇಲ್ಲ," ಎಂದ ಮಹೇಂದ್ರ. "ಅಂಗಡಿ ನಂಬರನ್ನೇ ಸೈಟಿಗೆ ಕೊಟ್ರು. ಯಾವ ನಂಬರಾದ್ರೂ ಇವರ ತಾಯಿ ಹೆಸರೇ, ಈ ಮನೇಲಿ ಯಾರು ಕೇಳ್ತಾರೆ? ಸುಮೈರಾ ಅವರಿಂದ ಐವತ್ತು ಈಸ್ಕೊಂಡ್ರು, ಅವರ ಮೂವತ್ತಾರನ್ನ ಕಳೆದು ಅಂಗಡಿ ತೆರಿಗೆ ಇಳಿಸ್ಕೊಂಡ್ರು. ಪ್ರತಿ ದುಪಟ್ಟಾಕ್ಕೂ! ನುಂಗಿದ್ದು ಜಮೀರ್ ಅವರೇ."

ಅಮ್ರೀನ್ ಆಗ ಬಾಯಿ ಬಿಟ್ಟಳು. "ಹೋದ್ ವಾರ ನಾನೇ ಕೇಳಿದ್ದೆ—ಶುಲ್ಕದ ಮೇಲಿನ ಟ್ಯಾಕ್ಸು ನಮ್ಗೆ ಸಿಗಲ್ವಾ ಭಾಯ್ ಅಂತ."

ಅದಕ್ಕೇ ಅವಳ ತಲೆಗೆ ಕಟ್ಟಿದ್ದ, ಪಾಪಿ!

"ಮನೆ ದುಡ್ಡು ಮನೇಲೇ ಇದೆ ಅಮ್ಮಿ," ಜಮೀರ್ ತೊದಲಿದ. "ಇದೂ ಒಂದು ಕಳ್ಳತನಾನಾ?"

"ಮನೆ ದುಡ್ಡಾದ್ರೆ ಈ ಹುಡುಗೀನ ಯಾಕೋ ಕಳ್ಳಿ ಅಂದೆ?" ತಾಯಿ ಗದರಿದರು.

ಜೈಬುನ್ನೀಸಾ ಸೆರಗಿನ ಗಂಟಿನಿಂದ ಕಾರ್ಡು ಬಿಚ್ಚಿ ಅಮ್ರೀನಳ ಮುಂದೆ ಚಾಚಿದರು. "ತಗೋ ಬೇಟಿ. ಇನ್ಮೇಲೆ ನಂಬರೂ ನಿಮ್ಮಕ್ಕನ ಹೆಸರಲ್ಲೇ ಮಾಡ್ಸೋಣ."

ಅಮ್ರೀನ್ ಕೈ ಚಾಚಲಿಲ್ಲ. ದನಿಯೂ ನಡುಗಲಿಲ್ಲ. "ಮೆಟ್ಟಿಲ ಮೇಲೆ, ಎಲ್ಲರ ಮುಂದೆ ಕಿತ್ಕೊಂಡ್ರಿ ಅಮ್ಮಿ. ಅಲ್ಲೇ ಬಂದು ಕೊಡಿ."

ಭಲೇ ಹುಡುಗಿ! ನನ್ನ ಕಣ್ಣು ತುಂಬಿ ಬಂತು.

ಮುದುಕಿ ಮಂಡಿ ಹಿಡಿದುಕೊಂಡು ಹೊರಗೆ ನಡೆದು, ಎದುರು ಮನೆಯ ಬಾಗಿಲು ಬಡಿದರು.

"ಗೋಪಾಲಮ್ಮಾ, ಸ್ವಲ್ಪ ಆಚೆ ಬನ್ನಿ. ಎಲ್ಲರೂ ಬನ್ನಿ. ಬೆಳಿಗ್ಗೆ ನಾನು ಅಂದಿದ್ದು ಸುಳ್ಳು. ಈ ಹುಡುಗಿ ಕಳ್ಳಿ ಅಲ್ಲ. ಕಳ್ಳ ನನ್ನ ಮಗ."