ಹುಣಸೆಕೊಪ್ಪಲಿನ ತೂಬು ತೆಗೆದವರು

1943ನೇ ಇಸವಿ ನವೆಂಬರ್ ಎಂಟನೇ ತಾರೀಖು, ಸೋಮವಾರ. ಮದ್ದೂರು ಠಾಣೆಯ ಇನ್‌ಸ್ಪೆಕ್ಟರ್ ಚಲುವರಾಜು ಕಾಫಿ ಲೋಟ ಕೈಗೆತ್ತಿಕೊಳ್ಳುವುದಕ್ಕೂ, ಹುಣಸೆಕೊಪ್ಪಲಿನ ಪಟೇಲರು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಅಂದಿನ ಕಾಫಿ ಆರಿತು ಅಂತಲೇ ಲೆಕ್ಕ.

"ಕೆಟ್ವಿ ಬುದ್ದಿ! ನಮ್ಮೂರ ಕೆರೆ ತೂಬು ಯಾವನೋ ತೆಗ್ದವ್ನೆ. ರಾತ್ರೋರಾತ್ರಿ ನೀರೆಲ್ಲಾ ಅಳ್ಳಕ್ಕೋಯ್ತು."

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತು, ನೀರುಗಂಟಿ ಕೆಂಪಯ್ಯನೇ. ತೂಬು ತೆಗೆಯೋದು, ಮುಚ್ಚೋದು ಅವ್ನ ಕೆಲ್ಸ. ಚಾವಡಿ ಕಂಬಕ್ಕೆ ಕಟ್ಟಾಕಿ ಬಂದಿವ್ನಿ."

"ಕಟ್ಟಿಹಾಕೋಕೆ ನಿಮಗೆ ಯಾರು ಹೇಳಿದ್ದು?"

ದಫೇದಾರ್ ಪುಟ್ಟರಾಜು ದೂರು ಬರೆದುಕೊಂಡ. ನೀರಾವರಿ ಕೆಲಸಕ್ಕೆ ಧಕ್ಕೆ ತಂದ ಆರೋಪ, ಪೀನಲ್ ಕೋಡಿನ 430ನೇ ಕಲಂ. ಎಫ್‌ಐಆರ್ ಸಿದ್ಧವಾದದ್ದು ಬೆಳಗ್ಗೆ ಎಂಟೂವರೆಗೆ.

ಯುದ್ಧದ ಕಾಲ. ಅಕ್ಕಿ ಸಿಗದೆ ಪಟ್ಟಣದವರು ಒದ್ದಾಡುತ್ತಿದ್ದರು, ಬೆಳೆಯುವ ಹಳ್ಳಿಯವರೂ ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ. ಬೆಸಗರಹಳ್ಳಿಯಿಂದಾಚೆ ಇರುವ ಹುಣಸೆಕೊಪ್ಪಲಿಗೆ ಆಧಾರವೆಂದರೆ ಒಂದು ಮಣ್ಣಿನ ಏರಿ, ಅದು ತಡೆದು ನಿಲ್ಲಿಸಿದ ಒಂದಿಷ್ಟು ನೀರು. ಕೆರೆಯಡಿಯ ಬತ್ತ ಹೊಡೆಯಾಗಿತ್ತು. ತೆನೆ ಹೊರಬರುವ ಹೊತ್ತಿನಲ್ಲಿ ನೀರು ತಪ್ಪಿದರೆ ಜೊಳ್ಳೇ ಗತಿ. ಊರಿನವರೆಲ್ಲ ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಅಳುವವರು ಅಳುತ್ತಿದ್ದರು, ಉಳಿದವರು ಕೆಂಪಯ್ಯನ ವಂಶವನ್ನೇ ಬಯ್ಯುತ್ತಿದ್ದರು.

ಇನ್‌ಸ್ಪೆಕ್ಟರ್ ಜೊತೆಗೆ ಪುಟ್ಟರಾಜು, ಪೇದೆ ಮೆಹಬೂಬ್ ಪಾಷಾ, ತಾಲ್ಲೂಕಿನ ಓವರ್‌ಸಿಯರ್ ಬಂದಿದ್ದರು. ಪಂಚರನ್ನು ಕರೆದು ಪಂಚನಾಮೆ ಶುರುಮಾಡಿದರು. ತೂಬೆಂದರೆ ಏರಿಯ ಒಳಮಗ್ಗುಲಲ್ಲಿ ನಿಂತ ಎರಡು ಕಲ್ಲುಕಂಬ, ನಡುವೆ ಒಂದು ಉದ್ದದ ಮರದ ಗೂಟ. ಗೂಟ ಎತ್ತಿದರೆ ಅಡಿಯ ತೂತು ತೆರೆದು ನೀರು ಏರಿಯ ಕೆಳಗಿನಿಂದ ಕಾಲುವೆಗೆ ಹೋಗುತ್ತದೆ. ಗೂಟ ಮುರಿದಿರಲಿಲ್ಲ. ಯಾರೋ ಅದನ್ನು ನೀಟಾಗಿ ಎತ್ತಿ, ತೇಲಿಹೋಗದ ಹಾಗೆ ಹಗ್ಗದಿಂದ ಕಲ್ಲುಕಂಬಕ್ಕೆ ಬಿಗಿದಿದ್ದರು.

"ಹಾಳುಮಾಡೋಕೆ ಬಂದವನು ಗೂಟವನ್ನ ಜೋಪಾನ ಮಾಡ್ತಾನೇನಯ್ಯಾ?" ಎಂದರು ಚಲುವರಾಜು.

ಓವರ್‌ಸಿಯರಿಗೆ ಬೇರೆಯೇ ಚಿಂತೆ. "ಇಲ್ಲಿ ನೋಡಿ ಸಾರ್. ನೀರು ಏಕಾಏಕಿ ಇಳಿದರೆ ನೆನೆದ ಮಣ್ಣು ಒಳಕ್ಕೆ ಜಾರುತ್ತೆ. ಮೂರು ಕಡೆ ಕಲ್ಲು ಕುಸಿದಿದೆ. ಮುಂದಿನ ಮಳೆಗಾಲದೊಳಗೆ ಸರಿಮಾಡದಿದ್ದರೆ ಏರಿಯೇ ಒಡೆದುಹೋಗುತ್ತೆ, ಊರೂ ಅದರ ಹಿಂದೆ."

ಕೆರೆಯ ಅಂಗಳದಲ್ಲಿ ಮೊಣಕಾಲುದ್ದ ಕೆಸರು. ಅದರೊಳಗೆ ಒಬ್ಬ ಹೆಂಗಸು ಒಬ್ಬಂಟಿಯಾಗಿ, ಕೈಯಲ್ಲೊಂದು ಕೋಲು ಹಿಡಿದು, ಹೆಜ್ಜೆ ಹೆಜ್ಜೆಗೂ ಚುಚ್ಚಿ ನೋಡುತ್ತಾ ಓಡಾಡುತ್ತಿದ್ದಳು.

"ಯಾರದು?"

"ಸೋಮಮ್ಮ ಬುದ್ದಿ, ಪಾಪದ ಎಂಗ್ಸು," ಎಂದರು ಪಟೇಲರು. "ಮಗಳು ಮಾಯಮ್ಮ ಗಂಡನ ಮನೆಯವ್ರು ಒಡೀತಾರೆ ಅಂತ ಬಂಡೂರಿಂದ ಬಂದಿದ್ಲು. ಮಾರ್ನಮಿ ಆದ್ಮೇಲೆ ಒಂದಿನ ಕೊಡ ತಕ್ಕಂಡು ನೀರಿಗೋದೋಳು ಬರ್ನೇ ಇಲ್ಲ. ಕೊಡ ಏರಿ ಮ್ಯಾಲೆ ಸಿಕ್ತು. ಕೆರೆಗೆ ಬಿದ್ಲು ಅಂತಾರೆ ಕೆಲವ್ರು, ಓಡೋದ್ಲು ಅಂತಾರೆ ಕೆಲವ್ರು."

"ಹೆಣ ತೇಲಲಿಲ್ವಾ?"

"ಆ ಜೊಂಡಿನಡಿ ಸಿಕ್ಕಂಡ್ರೆ ಎಮ್ಮೆನೂ ತೇಲಾಕಿಲ್ಲ ಬುದ್ದಿ."

ಚಲುವರಾಜು ದಫೇದಾರನ ಕಡೆ ತಿರುಗಿದರು. "ನಮ್ಮಲ್ಲಿ ದೂರು ಬಂದಿತ್ತಾ?"

"ರಿಜಿಸ್ಟರಿನಲ್ಲಿ ಏನೂ ಇಲ್ಲ ಸಾರ್," ಎಂದ ಪುಟ್ಟರಾಜು ಎತ್ತಲೋ ನೋಡುತ್ತಾ.

ಅಷ್ಟರಲ್ಲಿ ಏರಿಯ ಹಿಂದಿನಿಂದ ಪಾಷಾ ಕೂಗಿದ. ನೀರು ಹೊರಬೀಳುವ ತೂಬಿನ ಬಾಯಿಗೆ ಒಂದು ಹಳೆಯ ಸೀರೆಯನ್ನು ಅಡ್ಡಲಾಗಿ, ನಾಲ್ಕು ಗೂಟ ಹೊಡೆದು ಕಟ್ಟಿದ್ದರು. ಅದರೊಳಗೆ ಅಂಗೈಯಗಲದ ಮೀನುಗಳು ಇನ್ನೂ ಬಡಿದಾಡುತ್ತಿದ್ದವು.

"ಮೀನುಗಳ್ಳರು ಸಾರ್," ಎಂದ ಪುಟ್ಟರಾಜು.

"ಅದ್ಯಾವ ಕಳ್ಳ ದಫೇದಾರ್ರೇ, ಇಷ್ಟು ಮೀನು ಬಿಟ್ಟು ಬರಿಗೈಲಿ ಹೋದೋನು?" ಎಂದ ಪಾಷಾ. ಸೀರೆಯನ್ನು ವಶಕ್ಕೆ ತೆಗೆದುಕೊಂಡು ಪಂಚರ ರುಜು ಹಾಕಿಸಿದರು.

ಚಾವಡಿಯಲ್ಲಿ ಕೆಂಪಯ್ಯನ ಕಟ್ಟು ಬಿಚ್ಚಿಸಿದರು. ಆಸಾಮಿ ಗಡಗಡ ನಡುಗುತ್ತಿದ್ದ.

"ನಿನ್ನೆ ರಾತ್ರಿ ಎಲ್ಲಿದ್ದೆ?"

"ಚಳಿಜ್ವರ ಬುದ್ದಿ. ಆಸ್ಗೆ ಬುಟ್ಟು ಎದ್ದಿಲ್ಲ."

ಇನ್‌ಸ್ಪೆಕ್ಟರ್ ಹಣೆ ಮುಟ್ಟಿದರು. ಸುಡುತ್ತಿತ್ತು. "ತೂಬು ತೆಗೆದದ್ದು ನೀನೋ?"

"ನಾನಲ್ಲ. ಬೆಳೆ ನಿಂತಿರೋವಾಗ ಯಾವ ನೀರುಗಂಟಿ ಅಂಥ ಕೆಲ್ಸ ಮಾಡಾನು?"

ಪಾಷಾ ಒದ್ದೆ ಸೀರೆಯನ್ನು ಅವನ ಮುಂದೆ ಬಿಡಿಸಿ ಹಾಕಿದ. ಕೆಂಪಯ್ಯ ಅದನ್ನು ನೋಡಿದ. ನೋಡಿದ್ದೇ ತಡ, ಮಾತು ಉಲ್ಟಾ ಹೊಡೆಯಿತು.

"ಆಯ್ತು ಬುದ್ದಿ. ನಾನೇ ತೆಗ್ದೆ ಅಂತ ಬರ್ಕಳಿ."

"ಈಗ ತಾನೇ ಅಲ್ಲ ಅಂದೆ!"

"ಈಗ ಊಂ ಅಂತಿವ್ನಲ್ಲ, ಬರ್ಕಳಿ."

ಚಲುವರಾಜುವಿಗೆ ನಗುವೂ ಬಂತು, ಸಂಕಟವೂ ಆಯಿತು. ನೆಟ್ಟಗೆ ನಿಲ್ಲಲಾರದ ಈ ಮನುಷ್ಯ ಎದೆಮಟ್ಟದ ನೀರಿಗಿಳಿದು ಗೂಟ ಎತ್ತಿದನಂತೆ! ಅವರು ದನಿ ತಗ್ಗಿಸಿ ಕೇಳಿದರು. "ನಿನಗಿಂತ ಮುಂಚೆ ನೀರುಗಂಟಿ ಯಾರು?"

"ನಮ್ಮಣ್ಣ. ತೀರೋದ."

"ಅವನ ಹೆಂಡತಿ?"

ಕೆಂಪಯ್ಯ ತಲೆ ತಗ್ಗಿಸಿದ. ಪಟೇಲರು ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯಯ್ಯೋ! ಸೋಮಮ್ಮನೇ ಇವ್ನ ಅತ್ಗೆ ಬುದ್ದಿ!"

ಮಧ್ಯಾಹ್ನ ಹನ್ನೆರಡರ ಬಿಸಿಲು. ಸೋಮಮ್ಮ ಕೆರೆಯ ಮೂಡಣ ಮೂಲೆಯ ಜೊಂಡಿನ ಹತ್ತಿರಕ್ಕೆ ಬಂದಿದ್ದಳು. ಇನ್‌ಸ್ಪೆಕ್ಟರ್ ಕೆಸರಿನ ಅಂಚಿಗೆ ಹೋಗಿ ನಿಂತರು.

"ತೂಬು ತೆಗೆದದ್ದು ನೀನೇನಮ್ಮಾ?"

"ಊಂ ಕಣ್ ಬುದ್ದಿ. ಕೆಂಪಯ್ಯನ್ನ ಬುಟ್ಬುಡಿ. ಅವ್ನಿಗೆ ಗೊತ್ತಿಲ್ಲ."

"ಒಬ್ಬಳೇ?"

"ಗಂಡ ತೆಗೆಯೋವಾಗ ಅಗ್ಗ ಇಡ್ಕಂಡು ನಿಂತಿರ್ತಿದ್ದೆ. ಕಷ್ಟ ಏನಿಲ್ಲ."

"ಸೀರೆ ಯಾಕೆ ಕಟ್ಟಿದೆ?"

"ಕತ್ಲೇಲಿ ನೀರಿನ ಜೊತೆ ಏನಾರ ಓಗ್ಬುಟ್ರೆ? ಒಂದ್ ಬಳೆ ಚೂರಾದ್ರೂ ಸಿಕ್ಲಿ ಅಂತ."

ಚಲುವರಾಜು ಗದ್ದೆಗಳ ಕಡೆ ಕೈ ತೋರಿಸಿದರು. "ಊರವರ ಅನ್ನ ಅಲ್ವೇನಮ್ಮಾ ಅದು? ಪಟೇಲರನ್ನ ಕೇಳಬಾರದಿತ್ತೆ?"

"ಕೇಳ್ದೆ. ಬತ್ತ ಕುಯ್ದಾದ್ಮೇಲೆ ನೋಡಾನ ಅಂದ್ರು. ಅಲ್ಲೀಗಂಟ ನನ್ ಕೂಸು ಅಲ್ಲೇ ಬಿದ್ದಿರ್ಬೇಕಾ?"

"ಠಾಣೆಗಾದರೂ ಬರಬಾರದಿತ್ತೆ?"

"ಬಂದಿದ್ನಲ್ಲ! ಇಗೋ, ಈ ಸಾಮೀನೇ ಇದ್ರು." ಅವಳು ಕೋಲಿನಿಂದ ಪುಟ್ಟರಾಜುವನ್ನು ತೋರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದ್ಲು ಕೆರೆ ಬಾವಿ ಎಲ್ಲಾ ನೋಡ್ಕಂಡು ಬಾ ಓಗು ಅಂದ್ರು. ಊರ ಬಾವೀಗೆಲ್ಲ ಪಾತಾಳಗರಡಿ ಕೊಕ್ಕೆ ಬುಟ್ಟು ನೋಡ್ಸ್ದೆ. ಕೆರೇನ ಎಂಗ್ ನೋಡ್ಲಿ ಬುದ್ದಿ, ನೀರು ತೆಗೀದೆ?"

ದೂರು ತಂದವರನ್ನು ಸಾಗಹಾಕಲು ಠಾಣೆಯಲ್ಲಿ ಎಲ್ಲರೂ ಆಡುವ ಮಾತು ಅದು. ಚಲುವರಾಜು ತಾವೂ ಎಷ್ಟೋ ಸಲ ಆಡಿದ್ದರು. ಪುಟ್ಟರಾಜುವಿನ ಮುಖ ಕಪ್ಪಿಟ್ಟಿತು.

"ಈ ಜೊಂಡೊಂದು ಉಳ್ಕಂಡದೆ," ಎಂದಳು ಸೋಮಮ್ಮ. "ಇದೊಂದು ನೋಡ್ಬುಟ್ಟು ಬತ್ತೀನಿ. ಆಮ್ಯಾಕೆ ಎಲ್ಲಿಗ್ ಕರುದ್ರೂ ಬತ್ತೀನಿ ಬುದ್ದಿ."

ಆರೋಪಿ ತಪ್ಪೊಪ್ಪಿಕೊಂಡ ಮೇಲೆ ದಸ್ತಗಿರಿ ಮಾಡಬೇಕು. ಕಾನೂನು ಅದನ್ನೇ ಹೇಳುತ್ತದೆ. ಆದರೆ ಪುಟ್ಟರಾಜು ಏರಿಯ ಮೇಲೆ ಕುಳಿತು ಕಾಲಿಗೆ ಸುತ್ತಿದ್ದ ಖಾಕಿ ಪಟ್ಟಿ ಬಿಚ್ಚತೊಡಗಿದ್ದ. ಬೂಟು ಕಳಚಿಟ್ಟು, ಯಾರ ಅಪ್ಪಣೆಗೂ ಕಾಯದೆ ಕೆಸರಿಗಿಳಿದ. ಹಿಂದೆಯೇ ಪಾಷಾ ಇಳಿದ. ಇನ್‌ಸ್ಪೆಕ್ಟರ್ ತಡೆಯಲಿಲ್ಲ.

ಮೂವರೂ ಜೊಂಡನ್ನು ಬುಡಸಮೇತ ಕಿತ್ತರು. ಕೈಹಾಕಿ ಕೆಸರು ತಡಕಿದರು. ಏರಿಯ ಮೇಲೆ ಬಯ್ಯುತ್ತಿದ್ದವರೆಲ್ಲ ಅಂಚಿಗೆ ಬಂದು ನೋಡುತ್ತಿದ್ದರು. ಪುಟ್ಟರಾಜು ಒಮ್ಮೆ ತಡೆದು ನಿಂತ. ಸೋಮಮ್ಮನ ಕೈಯಿಂದ ಕೋಲು ಬಿತ್ತು. ಅವನು ಎತ್ತಿದ್ದು ಕೊಳೆತ ಮರದ ತುಂಡು, ಅಷ್ಟೆ.

ಕೊನೆಗೆ ಹುಡುಕಲು ಏನೂ ಉಳಿಯಲಿಲ್ಲ. ಸೋಮಮ್ಮ ಸೊಂಟ ನೆಟ್ಟಗೆ ಮಾಡಿ ಖಾಲಿ ಕೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಇಲ್ಲ," ಎಂದಳು. "ಇಲ್ಲ ಕಣ್ ಬುದ್ದಿ! ಇಲ್ಲಿಲ್ಲ!" ಅವಳು ನಗುತ್ತಿದ್ದಳು. ಅಷ್ಟು ಜನರ ಬೆಳೆ ಹಾಳುಮಾಡಿ, ಕೈಗೆ ಕೋಳ ಬೀಳುವ ಹೊತ್ತಿನಲ್ಲಿ ನಗುತ್ತಿದ್ದಳು. ಅವಳನ್ನು ನೋಡಿ ಚಲುವರಾಜುವಿನ ಕಣ್ಣು ತುಂಬಿತು.

ಮಧ್ಯಾಹ್ನ ಒಂದೂವರೆಗೆ ದಸ್ತಗಿರಿಯಾಯಿತು. ಕೋಳ ಹಾಕಲಿಲ್ಲ. ಗೂಟವನ್ನು ಮತ್ತೆ ಕೂರಿಸಿದ್ದರು. ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿದ, ಸೋಮಮ್ಮ ಬೆಳಗ್ಗೆಯೇ ಕೋಲಿನಿಂದ ತಡಕಿದ್ದ ಗುಂಡಿ ನೀರನ್ನು ಗೂಡೆಯಲ್ಲಿ ಎತ್ತಿ ಹತ್ತಿರದ ಗದ್ದೆಗಳಿಗಾದರೂ ಸರದಿ ಮೇಲೆ ಕೊಡಿ ಎಂದು ಓವರ್‌ಸಿಯರ್ ಪಟೇಲರಿಗೆ ಹೇಳುತ್ತಿದ್ದರು. ದೂರದ ಗದ್ದೆಗಳ ಆಸೆ ಬಿಡಬೇಕಾಗಿತ್ತು. ಅಂಥ ದೂರದ ಗದ್ದೆಯ ಅಂಕಮ್ಮ, ಸೋಮಮ್ಮ ಕುಳಿತಿದ್ದ ಗಾಡಿಗೆ ಅಡ್ಡ ಬಂದು ನಿಂತಳು.

"ನನ್ ಗದ್ದೆ ಒಣಗ್ಸ್‌ಬುಟ್ಟೆ ಕಣೇ, ನಿನ್ ಮನೆ ಹಾಳಾಗ! ಮಕ್ಳಿಗೆ ಏನಾಕ್ಲಿ ನಾನು?" ಎಂದು ಗಂಟಲು ಹರಿಯುವಂತೆ ಬಯ್ದಳು. ಬಯ್ದು ಸಾಕಾದ ಮೇಲೆ ಹತ್ತಿರ ಬಂದಳು. "ಸಿಕ್ಲಿಲ್ವಾ?"

"ಇಲ್ಲ ಕಣಕ್ಕ."

"ಸದ್ಯ," ಎಂದು ಅಂಕಮ್ಮ ಸೆರಗಿನಲ್ಲಿ ಕಟ್ಟಿದ್ದ ಮುದ್ದೆಯನ್ನು ಅವಳ ಮಡಿಲಿಗೆ ಹಾಕಿ ಹೊರಟುಹೋದಳು.

ಠಾಣೆಯಲ್ಲಿ ಆರೋಪಿಯ ಹೇಳಿಕೆ ಬರೆಯುವುದಕ್ಕೆ ಮೊದಲು ಇನ್‌ಸ್ಪೆಕ್ಟರ್ ಇನ್ನೊಂದು ದೂರು ಬರೆಯಲು ಹೇಳಿದರು. ಕಾಣೆಯಾದ ಹೆಂಗಸು, ಮಾಯಮ್ಮ. ಪಾಷಾ ಆಗಲೇ ಬಂಡೂರಿಗೆ ಹೊರಟಿದ್ದ. ಉಗುರುಗಳಲ್ಲಿ ಕೆಸರಿದ್ದಂತೆಯೇ ಪುಟ್ಟರಾಜು ಬರೆದು, ಓದಿ ಹೇಳಿದ.

"ಎಣ್ಣೆಗೆಂಪು ಬಣ್ಣದವಳಾಗಿದ್ದಳು. ಎಡಗೆನ್ನೆಯ ಮೇಲೆ ಮಚ್ಚೆ ಇತ್ತು. ಕೋಲುಮುಖದವಳಾಗಿದ್ದಳು..."

"ಇದ್ಲು ಅನ್ಬ್ಯಾಡಿ ಸಾಮಿ," ಎಂದಳು ಸೋಮಮ್ಮ. "ಅವ್ಳೆ ಅಂತ ಬರೀರಿ."

ಪುಟ್ಟರಾಜು ಆ ಸಾಲುಗಳನ್ನು ಹೊಡೆದುಹಾಕಿ ಮೊದಲಿನಿಂದ ಬರೆದ.