ವೈರಿನ ಸುತ್ತ ಒದ್ದೆ ಅರಿವೆ

ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಹೋದ ಬೇಸಿಗೆಯಲ್ಲಿ ಎದೆನೋವೆಂದು ಸವಣೂರಿನ ಒಂದು ಆಸ್ಪತ್ರೆ ಸೇರಿದ್ದೆ. ಎದೆಗೆ ವೈರು ಹಚ್ಚಿ, ಮಾನಿಟರಿನಲ್ಲಿ ಬಡಿತದ ಗೆರೆ ನೋಡುತ್ತಿದ್ದರು. ಗೆರೆ ಸರಿಯಿದ್ದರೆ ಮನೆಗೆ, ಇಲ್ಲದಿದ್ದರೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಎಂದಿದ್ದರು ಡಾಕ್ಟರು. ಅಷ್ಟು ದೂರದ ದಾರಿ ತಾಳುತ್ತೇನೆಂಬ ಧೈರ್ಯ ನನಗಿರಲಿಲ್ಲ.

ಮಧ್ಯಾಹ್ನ ಗೆರೆ ಹುಚ್ಚೆದ್ದು ಕುಣಿಯಿತು. ನರ್ಸ್ ಜಯಶ್ರೀ ಓಡಿಬಂದು ವೈರಿನ ಜೋಡಣೆ ಬಿಚ್ಚಿದಳು. ಒಳಗೆ ನೀರು.

"ಏನ್ರಿ ಅಜ್ಜಿ, ನೀವೂ ಒದ್ದಿ ಅರಿವಿ ಸುತ್ತಾಕ ಹತ್ತೀರೇನು? ನೀರು ಹತ್ತಿದ್ರ ಗೆರಿ ಸುಳ್ಳು ಹೇಳತೈತಿ!"

"ನಾ ಯಾಕ ಸುತ್ತಲಿ? ಮತ್ಯಾರು ಸುತ್ತಿದ್ರು?"

"ಈ ಮಂಚದಾಗ ಮೊದಲ ಇದ್ದ ಹಾಲವ್ವರಿ. ವೀಳ್ಯದೆಲಿ ತ್ವಾಟದಾಕಿ. ಬಿಸಲಿಗೆ ವೈರು ಬಾಡತೈತಿ ಅಂತ, ಎಲಿ ಪೆಂಡಿಗೆ ಸುತ್ತಿದಂಗ ಒದ್ದಿ ಅರಿವಿ ಸುತ್ತತಿದ್ಲು. ಪಾಪ, ಗುರುವಾರ ತೀರಿಕೊಂಡ್ಲು."

ಜಯಶ್ರೀ ಒರೆಸಿ ಒಣಗಿಸಿದಳು. ಮತ್ತೆ ಒದ್ದೆಯಾಯಿತು. ಹೊಸ ವೈರು ತಂದಳು. ಫ್ಯಾನು ಬಿಸಿಗಾಳಿ ಬೀಸುತ್ತಿದ್ದರೂ ಅದರ ಜೋಡಣೆಯೂ ನನ್ನ ಕೈಗೆ ಒದ್ದೆಯಾಗಿ, ತಣ್ಣಗೆ ಹತ್ತಿತು. ವೀಳ್ಯದೆಲೆಯ ಹಸಿ ವಾಸನೆ ಬಂತು. ಈ ಗೆರೆಯನ್ನು ನಂಬುವಂತಿಲ್ಲವೆಂದು ಡಾಕ್ಟರು ಹುಬ್ಬಳ್ಳಿಗೆ ಚೀಟಿ ಬರೆಯಲು ಕುಳಿತರು.

ನನಗೆ ಭಯಕ್ಕಿಂತ ಹೆಚ್ಚು ಹಾಲವ್ವನ ಮೇಲೆ ಮರುಕ ಬಂತು. ಮೆಲ್ಲಗೆ ಹೇಳಿದೆ: "ಹಾಲವ್ವಾ, ವೈರು ಬಾಡೂದಿಲ್ಲ ನಮ್ಮವ್ವಾ. ಬಾಡಾಕತ್ತಿದ್ದು ನನ್ನ ಎದಿ. ವೈರು ಬಿಟ್ಟುಬಿಡು."

ಸ್ವಲ್ಪ ಹೊತ್ತಿನಲ್ಲಿ ಜೋಡಣೆ ಒಣಗಿತು. ಗೆರೆ ತನ್ನ ಲಯಕ್ಕೆ ಬಂತು. ಡಾಕ್ಟರು ಚೀಟಿ ಹರಿದು, ಮರುದಿನ ನನ್ನನ್ನು ಮನೆಗೆ ಕಳಿಸಿದರು.

ಈಗ ಎದೆ ನೋಯುವುದಿಲ್ಲ. ಆದರೆ ದಿನಾ ಬಿಸಿಲೇರಿದಾಗ ಎದೆಯ ಮೇಲಿನ ಸೆರಗು ತೊಯ್ದಿರುತ್ತದೆ. ಬೆವರೆಂದು ಸೊಸೆ ನಗುತ್ತಾಳೆ. ಹಿಂಡಿದರೆ ತಣ್ಣೀರು ಬರುತ್ತದೆ.