ಗಿಡ ಬಾಗಿದ ಕಡೆ

ಇದನ್ನು ದೀಪದಂಗಡಿಯವನು ನಂಬಲಿಲ್ಲ, ನೀವೂ ನಂಬಬೇಕಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಆರು ಮೆಣಸಿನ ಗಿಡ ಇಟ್ಟು ಬಿಳಿ ಎಲ್ಇಡಿ ಹಾಕಿದ್ದೆ. ಗಿಡಗಳು ದೀಪ ಬಿಟ್ಟು ಎದುರಿನ ಖಾಲಿ ಮೂಲೆಯ ಕಡೆ ಬಾಗಿದವು.

"ಬಿಳಿ ಆಗಿಬರದಿದ್ರೆ ನೇರಳೆ ಹಾಕಿ ನೋಡಿ ಸಾರ್" ಎಂದ ಅಂಗಡಿಯವನು. ಹಾಕಿದೆ. ದಿನಾ ಬೆಳಿಗ್ಗೆ ಕುಂಡ ತಿರುಗಿಸಿಟ್ಟರೂ ಮಧ್ಯಾಹ್ನಕ್ಕೆ ಮತ್ತೆ ಆ ಮೂಲೆಗೇ ಮುಖ. ಅಲ್ಲಿ ಕೈ ಚಾಚಿದರೆ ಬಿಸಿಲಿಗೆ ಹಿಡಿದ ಹಾಗೆ ಅಂಗೈ ಬೆಚ್ಚಗಾಗುತ್ತಿತ್ತು.

"ಎಲ್ಲಾ ಕಿತ್ತು ಬಿಸಾಕ್ರೀ" ಎಂದಳು ಹೆಂಡತಿ.

ಕಿತ್ತರೆ, ಅದು ಎಲ್ಲಿದೆಯೆಂದು ಹೇಳುವವರಾದರೂ ಯಾರು?

ನಿನ್ನೆ ಮೂಲೆ ತಣ್ಣಗಿತ್ತು. ಆರೂ ಗಿಡ ಬಾಗಿಲ ಕಡೆ ಬಾಗಿದ್ದವು. ಬಾಗಿಲಾಚೆ ಮಗಳ ತೊಟ್ಟಿಲು. ಇವತ್ತು ಬೆಳಿಗ್ಗೆಯೇ ತೊಟ್ಟಿಲನ್ನು ಮನೆಯ ಇನ್ನೊಂದು ತುದಿಗೆ ಸಾಗಿಸಿದೆ.

ಮಧ್ಯಾಹ್ನ ಗಿಡಗಳು ಆ ತುದಿಗೆ ತಿರುಗಿದ್ದವು.